ನನ್ನ ಮಂಡಿ ಮುಟ್ಟಬೇಡಿ

ಅದು 1970ನೇ ಇಸವಿ. ಹೊಗೆಸೊಪ್ಪಿನ ಕೆಲಸ ಮುಗಿದಿತ್ತು, ರಾಗಿ ಕುಯ್ಲಿಗೆ ಇನ್ನೂ ಸ್ವಲ್ಪ ದಿನವಿತ್ತು. ಹನಗೋಡಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಲಕ್ಷ್ಮಣತೀರ್ಥ ಹೊಳೆಗೆ ಇಳಿಯಲು ಕಲ್ಲಿನ ಮೆಟ್ಟಿಲುಗಳಿವೆ. ಎರಡು ವರ್ಷದ ಮಗಳು ಮಂಗಳಳನ್ನು ಕಂಕುಳಲ್ಲಿ ಎತ್ತಿಕೊಂಡು, ಬಟ್ಟೆಗಂಟು ಹಿಡಿದ ಬಲಗೈಯನ್ನು ತೊಡೆಗೆ ಒತ್ತಿಕೊಂಡು ನಾನು ಇಳಿಯುತ್ತಿದ್ದೆ. ಅರ್ಧ ದಾರಿಯಲ್ಲಿ ಗಂಟು ಹಿಡಿದ ಕೈ ಸಡಿಲವಾಗಿ, ನನ್ನ ಬಲಮಂಡಿ ಇದ್ದಕ್ಕಿದ್ದಂತೆ ಮಡಚಿಕೊಂಡಿತು. ನಾನು ಕುಸಿದೆ. ಮಗು ಕೈ ಜಾರಿ ಉರುಳಿ ನೀರಿಗೆ ಬಿತ್ತು.

ಕೆಳಗೆ ಎಮ್ಮೆ ಮೈ ತೊಳೆಯುತ್ತಿದ್ದ ನಮ್ಮೂರಿನ ಮಾದಣ್ಣ ಮಗುವಿನ ಲಂಗ ಹಿಡಿದು ಮೇಲಕ್ಕೆತ್ತಿದ. ಸೆಳವಿಗೆ ಸಿಕ್ಕಿದ್ದರೆ ಇಂದು ಈ ಕಥೆ ಬರೆಯಲು ನನ್ನಲ್ಲಿ ಜೀವ ಉಳಿದಿರುತ್ತಿರಲಿಲ್ಲ. ಮಗು ಕೆಮ್ಮಿ, ನೀರು ಕಕ್ಕಿ, ಅತ್ತಾಗ ನಾನು ಇನ್ನೂ ಮೆಟ್ಟಿಲ ಮೇಲೇ ಕೂತಿದ್ದೆ. ಎದ್ದು ಅದರ ಹತ್ತಿರ ಹೋಗಲು ನನ್ನ ಕಾಲು ನನ್ನನ್ನು ಬಿಡಲಿಲ್ಲ.

ಅಂದು ಸಾಯಂಕಾಲ ನಮ್ಮ ಅತ್ತೆ ಎಲ್ಲರ ಮುಂದೆ ಹೇಳಿದರು: "ಇನ್ಮೇಲೆ ಮಗೀನ ಅವ್ಳ ಕೈಗೆ ಕೊಡ್ಬ್ಯಾಡಿ ಕಣ್ರಲಾ. ಆಡುಸ್ಬೇಕು ಅಂದ್ರೆ ಕೂತ್ಕಂಡು ಆಡುಸ್ಲಿ."

ಅತ್ತೆ ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆದರೆ ಮರುದಿನ ಮಂಗಳ ನನ್ನ ಕಡೆಗೆ ಎರಡೂ ಕೈ ಚಾಚಿದಾಗ ಯಾರೋ ಅವಳನ್ನು ಎತ್ತಿಕೊಂಡು ಹಟ್ಟಿ ಕಡೆಗೆ ಹೋದರು. ಅವಳು ನನ್ನನ್ನೇ ನೋಡುತ್ತಾ ಹೋದಳು. ಅಂದು ನನ್ನೊಳಗೆ ಏನೋ ಗಟ್ಟಿಯಾಯಿತು.

ಕಾಲು ಹೀಗಾಗಿದ್ದು ಐದು ವರ್ಷದ ಹಿಂದೆ, ನಾನು ಮದುವೆಯಾಗಿ ಬಂದ ಮೊದಲನೆಯ ರಾಗಿ ಕುಯ್ಲಿನಲ್ಲಿ. ಬದುವಿನ ಮೇಲೆ ಕಾಲು ಜಾರಿ ಬಿದ್ದೆ. ಕೈಯಲ್ಲಿದ್ದ ಕುಡುಗೋಲು ಮಂಡಿ ಚಿಪ್ಪಿನ ಕೆಳಗೆ ನೆಟ್ಟಿತು. ಅರಿಶಿನ ತುಂಬಿ, ಬಟ್ಟೆ ಸುತ್ತಿ, ಗಾಡಿಯಲ್ಲಿ ಹನಗೋಡಿಗೆ ಕರೆದುಕೊಂಡು ಹೋದರು. ಅಲ್ಲಿದ್ದ ಕಂಪೌಂಡರ್ ಹೊಲಿಗೆ ಹಾಕಿದರು. ಗಾಯ ಚೆನ್ನಾಗಿ ಮಾಯಿತು, ಆದರೆ ಕಾಲು ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಮಡಚಲು ಬರುತ್ತಿತ್ತು. ನೆಟ್ಟಗೆ ನೀಡಬೇಕಾದರೆ ಕೈಯಿಂದ ಎಳೆದು ನೀಡಬೇಕಿತ್ತು. ನಡೆಯುವಾಗ ಬಲಗೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ಹೆಜ್ಜೆ ಹಾಕುತ್ತಿದ್ದೆ. ಕೈ ತೆಗೆದರೆ ಮಂಡಿ ಮಡಚಿಕೊಳ್ಳುತ್ತಿತ್ತು. ಊರಿನ ಮಕ್ಕಳು ಹಿಂದಿನಿಂದ ಹಾಗೇ ತೊಡೆ ಹಿಡಿದು ನಡೆದು ನಗುತ್ತಿದ್ದವು. ಅದನ್ನೂ ಅಭ್ಯಾಸ ಮಾಡಿಕೊಂಡಿದ್ದೆ.

ಹೊಳೆಗೆ ಬಿದ್ದ ಮೇಲೆ ಮಗುವಿಗೆ ಜ್ವರ ಬಂತು. ಹುಣಸೂರಿಗೆ ಕರೆದುಕೊಂಡು ಹೋದೆವು. ಮಗು ನಮ್ಮ ಯಜಮಾನರ ತೋಳಲ್ಲಿತ್ತು. ಅಲ್ಲಿದ್ದ ಲೇಡಿ ಡಾಕ್ಟರು ಮಗುವಿಗೆ ಔಷಧಿ ಬರೆದುಕೊಟ್ಟು, ನಾನು ಬಾಗಿಲ ಕಡೆ ಹೋಗುವುದನ್ನು ನೋಡಿ, "ನಿಲ್ಲಮ್ಮ, ಯಾಕೆ ಹಾಗೆ ತೊಡೆ ಹಿಡ್ಕೊಂಡು ನಡೀತೀಯ?" ಎಂದರು. ಮಂಚದ ಮೇಲೆ ಕೂರಿಸಿ, "ಕಾಲು ಮೇಲಕ್ಕೆತ್ತು" ಎಂದರು. ನಾನು ಎಷ್ಟು ತಿಣುಕಿದರೂ ಪಾದ ಅಲುಗಲಿಲ್ಲ. ಅವರು ಗಾಯದ ಗುರುತಿನ ಮೇಲೆ ಬೆರಳಿಟ್ಟು, "ಇಲ್ಲಿ ಇರಬೇಕಾದ್ದು ಇಲ್ಲಿ ಇಲ್ಲ. ಮೈಸೂರಿಗೆ ಹೋಗಿ ಮೂಳೆ ಡಾಕ್ಟರಿಗೆ ತೋರಿಸು" ಎಂದರು.

ಯಜಮಾನರ ಜೊತೆ ಮೈಸೂರಿಗೆ ಹೋದೆ. ಅಲ್ಲಿನ ಡಾಕ್ಟರು ಎತ್ತರದ ಮನುಷ್ಯ, ಮಾತು ಕಡಿಮೆ. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು. ನನ್ನ ಮಂಡಿ ಚಿಪ್ಪು ಇರಬೇಕಾದ ಜಾಗ ಬಿಟ್ಟು ತೊಡೆಯ ಕಡೆಗೆ ಮೇಲೇರಿ ಕೂತಿತ್ತು.

"ನಿಮ್ಮೂರ ಬಾವಿಗೆ ರಾಟೆ ಇದೆಯೇನಮ್ಮ?" ಎಂದು ಕೇಳಿದರು.

"ಅದೆ ಸ್ವಾಮಿ."

"ರಾಟೆ ಇದೆ, ಹಗ್ಗ ಇದೆ, ಎಳೆಯೋಕೆ ಶಕ್ತಿನೂ ಇದೆ. ಬಿಂದಿಗೆ ಹತ್ರ ಹಗ್ಗ ಕಿತ್ತುಹೋದ್ರೆ ನೀರು ಮೇಲೆ ಬರುತ್ತಾ? ನಿನ್ನ ಮಂಡೀಲಿ ಆಗಿರೋದು ಅದೇ. ಚಿಪ್ಪಿನ ಕೆಳಗೆ ಒಂದು ಹುರಿ ಇರುತ್ತೆ. ಕುಡುಗೋಲು ಅದನ್ನ ಕತ್ತರಿಸಿದೆ. ಮೇಲಿನ ಚರ್ಮ ಹೊಲಿದ್ರು, ಒಳಗಿನ ಹುರಿ ಹೊಲೀಲಿಲ್ಲ."

"ಈಗ ಹೊಲೀಬಹುದಾ?" ಎಂದೆ.

ಅವರು ಎಕ್ಸ್‌ರೇಯನ್ನು ಮೇಜಿನ ಮೇಲಿಟ್ಟರು. ಬಿದ್ದ ದಿನವೇ ಬಂದಿದ್ದರೆ ಸಣ್ಣ ಕೆಲಸವಾಗಿತ್ತಂತೆ. ಈಗ ತೊಡೆಯ ಮಾಂಸ ಕುಗ್ಗಿಹೋಗಿದೆ, ಮೊದಲು ತೂಕ ಕಟ್ಟಿ ಚಿಪ್ಪನ್ನು ಕೆಳಗೆ ಎಳೆಯಬೇಕು, ಆಮೇಲೆ ತೊಡೆಯ ಪಕ್ಕದಿಂದ ಒಂದು ಪಟ್ಟಿ ತೆಗೆದು ಹೊಸ ಹುರಿ ಮಾಡಿ ಕೂರಿಸಬೇಕು ಎಂದರು. "ಕೂಡಬಹುದು, ಕೂಡದೇ ಇರಬಹುದು. ಮಂಡಿ ಬಿಗಿದುಕೊಂಡು ಬಿಡಬಹುದು. ಖಂಡಿತ ಆಗುತ್ತೆ ಅಂತ ಹೇಳಲ್ಲ. ಮನೇಲಿ ಕೇಳ್ಕೊಂಡು ಬನ್ನಿ."

ಮನೆಯಲ್ಲಿ ಕೇಳುವುದು ಎಂದರೆ ನಮ್ಮ ಭಾವನವರನ್ನು ಕೇಳುವುದು. ನಮ್ಮ ಯಜಮಾನರ ಅಣ್ಣ, ಮಾವನವರು ತೀರಿಕೊಂಡ ಮೇಲೆ ಮನೆ ನಡೆಸುತ್ತಿದ್ದವರು. ನಮ್ಮ ಯಜಮಾನರು ಅವರ ಎದುರು ತಲೆ ಎತ್ತಿ ಮಾತಾಡಿದವರಲ್ಲ. ಹೆಂಗಸರಾದ ನಾವು ಬಾಗಿಲ ಹಿಂದೆ ನಿಂತು, ಅತ್ತೆಯ ಬಾಯಿಂದಲೇ ನಮ್ಮ ಮಾತು ಹೇಳಿಸಬೇಕಿತ್ತು. ಅಂದು ಯಜಮಾನರು ಅರ್ಧ ಹೇಳುವಷ್ಟರಲ್ಲೇ ಭಾವನವರು ಕೈ ಅಡ್ಡ ಹಿಡಿದರು.

"ಅಪ್ಪನ್ನ ಆಸ್ಪತ್ರೆಗೆ ನಡುಸ್ಕಂಡೇ ಕರ್ಕಂಡೋದೆ. ಗಾಡೀಲಿ ಮಲುಗಿಸ್ಕಂಡು ಬಂದೆ. ಮರ್ತೋಯ್ತೇನ್ಲಾ ನಿಂಗೆ? ಎಂಗೋ ನಡೀತಾಳಲ್ಲ, ಅಷ್ಟು ಸಾಕು. ಮನೆ ಒಳ್ಗೆ ಕೆಲ್ಸ ಮಾಡ್ಕಂಡಿರ್ಲಿ."

ಯಜಮಾನರು ತಲೆ ತಗ್ಗಿಸಿದರು. ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದು ಪಡಸಾಲೆಯಲ್ಲಿ ಅವರೆದುರು ನಿಂತೆ.

"ಎಂಗೋ ನಡೀತಿಲ್ಲ ಬಾವನೋರೆ, ಬೀಳ್ತಾ ಇವ್ನಿ. ಇನ್ನೊಂದ್ಸಲ ಬಿದ್ರೆ ಮಾದಣ್ಣ ಅಲ್ಲಿರಲ್ಲ. ನಾನು ಓಗೇ ಓಯ್ತೀನಿ. ಯಾರೂ ಬರ್ದಿದ್ರೆ ಬಸ್ಸು ಅತ್ಕಂಡು ಒಬ್ಳೇ ಓಯ್ತೀನಿ."

ಭಾವನವರು ನನ್ನ ಮುಖ ನೋಡದೆ, ಅತ್ತೆಯ ಕಡೆ ತಿರುಗಿ, "ನೋಡವ್ವ, ನಿನ್ ಸೊಸೆ ಮಾತ" ಎಂದು ಎದ್ದು ಹೋದರು.

ಅತ್ತೆ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದರು. ನಮ್ಮ ಯಜಮಾನರಿಗೆ ಹೇಳಿದರು: "ಇವ್ಳು ಒಬ್ಳೇ ಓಗೇಬುಡ್ತಾಳೆ ಕಣ್ಲಾ. ಇವ್ಳ ಮೊಂಡು ನಂಗೊತ್ತು. ನಾನೇ ಜೊತೇಲಿ ಓಯ್ತೀನಿ. ನೀನು ದನ ಕರ ನೋಡ್ಕೊ." ಆಮೇಲೆ ನನಗೆ, "ಆಯ್ತದೆ ಅಂತ ನಂಗೇನೂ ನಂಬ್ಕೆ ಇಲ್ಲ. ತಿಳ್ಕೊ" ಎಂದರು.

ಸಂಕ್ರಾಂತಿ ಕಳೆದ ಮೇಲೆ ಮಗುವನ್ನು ಬೆಟ್ಟದಪುರದ ನನ್ನ ತವರಿನಲ್ಲಿ ಬಿಟ್ಟು ಆಸ್ಪತ್ರೆಗೆ ಸೇರಿದೆ. ಒಪ್ಪಿಗೆಯ ಕಾಗದಕ್ಕೆ ಯಜಮಾನರು ರುಜು ಹಾಕಿದರು. ನಾನೂ ಹಾಕುತ್ತೇನೆ ಎಂದೆ. "ಗಂಡಂದು ಇದ್ರೆ ಸಾಕಮ್ಮ" ಎಂದರು ನರ್ಸಮ್ಮ. "ಕೊಯ್ಯೋದು ನನ್ನ ಕಾಲು ತಾನೇ?" ಎಂದು ಪೆನ್ನು ತೆಗೆದುಕೊಂಡು ಅವರ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ. ಏಳನೇ ಕ್ಲಾಸಿನವರೆಗೆ ಓದಿದ್ದು ಅಂದು ಉಪಯೋಗಕ್ಕೆ ಬಂತು.

ಮೊದಲು ಮಂಡಿ ಚಿಪ್ಪಿಗೆ ಒಂದು ಉಕ್ಕಿನ ಕಡ್ಡಿ ತೂರಿಸಿ, ಅದಕ್ಕೆ ಹಗ್ಗ ಕಟ್ಟಿ, ಮಂಚದ ಕಾಲುದೆಸೆಯಲ್ಲಿ ತೂಕ ನೇತುಹಾಕಿದರು. ವಾರಗಟ್ಟಲೆ ಹಾಗೇ ಅಂಗಾತ ಮಲಗಿದ್ದೆ. ನೋವು ಹಗಲೂ ಇತ್ತು, ರಾತ್ರಿಯೂ ಇತ್ತು. ಅತ್ತೆ ಪಕ್ಕದಲ್ಲಿ ನೆಲದ ಮೇಲೆ ಕೂತು, ಆಸ್ಪತ್ರೆಯಲ್ಲಿ ಕೊಟ್ಟ ಬ್ರೆಡ್ಡನ್ನು ಹಿಸುಕಿ ನೋಡಿ, "ಇದೇನವ್ವ, ಹತ್ತಿ ಇದ್ದಂಗದೆ. ಇದ್ನ ತಿಂದ್ರೆ ಹುರಿ ಬೆಳೀತದಾ?" ಎನ್ನುತ್ತಿದ್ದರು. ಎಲ್ಲಿಂದಲೋ ಒಲೆ ಹುಡುಕಿ, ಹೊರಗೆ ಮರದ ಕೆಳಗೆ ಮುದ್ದೆ ಬೇಯಿಸಿಕೊಂಡು ಬಂದು ನನಗೆ ನುಂಗಿಸುತ್ತಿದ್ದರು. ವಾರ್ಡಿನಲ್ಲಿದ್ದ ಹೆಂಗಸರೆಲ್ಲ ಅವರಿಗೆ ಪರಿಚಯವಾದರು. ಯಾರು ಏನು ಕೇಳಿದರೂ, "ನಮ್ ಸೊಸೆದು ಮಂಡಿ ಹುರಿ ಕಿತ್ತೋಗಿತ್ತು, ಹೊಸ ಹುರಿ ಆಕ್ತಾರಂತೆ" ಎಂದು ತಾವೇ ಡಾಕ್ಟರಂತೆ ವಿವರಿಸುತ್ತಿದ್ದರು. ನಂಬಿಕೆ ಇಲ್ಲ ಎಂದಿದ್ದವರು ಇವರೇನಾ ಎಂದು ನನಗೆ ನಗು ಬರುತ್ತಿತ್ತು.

ಆಪರೇಷನ್ ದಿನ ಬೆನ್ನಿಗೆ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ಎಚ್ಚರವಿತ್ತು. ಬಡಗಿ ಬೈರಿಗೆಯಲ್ಲಿ ಮರ ಕೊರೆದಂಥ ಸದ್ದು ಕೇಳಿತು. ಅದು ನನ್ನದೇ ಮೂಳೆ ಎಂದು ಗೊತ್ತಾದಾಗ ಕಣ್ಣು ಮುಚ್ಚಿ, ಹೊಳೆಯ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ನೆನೆಸಿಕೊಂಡೆ. ಹೊರಗೆ ಬಂದಾಗ ತೊಡೆಯಿಂದ ಹಿಮ್ಮಡಿಯವರೆಗೆ ಬಿಳಿ ಸಿಮೆಂಟು ಪಟ್ಟಿ. ಅತ್ತೆ ಮೊದಲು ಬಂದು ನೋಡಿದ್ದು ನನ್ನ ಮುಖವನ್ನಲ್ಲ, ಪಟ್ಟಿಯ ತುದಿಯಲ್ಲಿದ್ದ ಐದು ಬೆರಳುಗಳನ್ನು. "ಕಾಲು ಅದೆ ಕಣವ್ವ, ತೆಗುದಿಲ್ಲ" ಎಂದು ಅಳತೊಡಗಿದರು.

ಪಟ್ಟಿ ಬಿಚ್ಚುವ ಹೊತ್ತಿಗೆ ಯುಗಾದಿ ಕಳೆದಿತ್ತು. ಒಳಗಿದ್ದ ಕಾಲು ಒಣಗಿದ ಕಟ್ಟಿಗೆಯಂತೆ ಸಣಕಲಾಗಿತ್ತು. ಮಂಡಿ ಎಳ್ಳಷ್ಟೂ ಮಡಚುತ್ತಿರಲಿಲ್ಲ. ಡಾಕ್ಟರು ಮಾತ್ರ ಗಾಬರಿಯಾಗಲಿಲ್ಲ. "ಹೀಗೇ ಇರುತ್ತೆ. ದಿನಾ ಜಗಲಿ ಮೇಲೆ ಕೂತು ಕಾಲು ಇಳಿಬಿಡು. ತನ್ನ ಭಾರಕ್ಕೆ ತಾನೇ ಮಡಚಬೇಕು. ತೊಡೆ ಬಿಗಿ ಹಿಡಿಯೋದು, ಬಿಡೋದು ಮಾಡು. ಯಾರಾದ್ರೂ ಹಿಡಿದು ಬಲವಂತವಾಗಿ ಮಡಚಿದ್ರೆ ಹೊಸ ಹುರಿ ಕಿತ್ತುಬರುತ್ತೆ. ಆಮೇಲೆ ನನ್ನ ಹತ್ರ ಬಂದ್ರೂ ನಾನು ಏನೂ ಮಾಡಕಾಗಲ್ಲ" ಎಂದರು. ಅತ್ತೆಯೂ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು.

ಎರಡು ಊರುಗೋಲಿನಲ್ಲಿ ನಾನು ಬಸ್ಸಿನಿಂದ ಇಳಿದಾಗ ಇಡೀ ಊರು ನೋಡಿತು. ಹೋಗುವಾಗ ಕುಂಟುತ್ತಾ ಆದರೂ ಹೋಗಿದ್ದವಳು, ಬರುವಾಗ ಕಾಲು ಒನಕೆಯಂತೆ ನೆಟ್ಟಗೆ ನಿಲ್ಲಿಸಿಕೊಂಡು ಬಂದಿದ್ದೆ. "ಅಯ್ಯೋ, ಮಡಚ್ತಿದ್ದ ಕಾಲೂ ಓಯ್ತಲ್ಲ" ಎಂದು ಮನೆಗೆ ಬಂದವರೆಲ್ಲ ಮರುಕ ಸುರಿಸಿ ಹೋದರು. ಭಾವನವರು ನನ್ನ ಕಾಲು ನೋಡಿ ಮುಖ ತಿರುಗಿಸಿ ಹೊಲಕ್ಕೆ ಹೋದರು. ಆ ನೋಟವೇ "ನಾನು ಹೇಳಿರಲಿಲ್ವಾ" ಎನ್ನುತ್ತಿತ್ತು. ತವರಿನಿಂದ ಮಂಗಳಳನ್ನು ಕರೆಸಿಕೊಂಡೆವು. ದಿನಾ ಬೆಳಿಗ್ಗೆ ಜಗಲಿಯ ಮೇಲೆ ಕೂತು ಕಾಲು ಇಳಿಬಿಡುತ್ತಿದ್ದೆ. ಬೆವರು ಕಿತ್ತುಬರುತ್ತಿತ್ತು. ಕಾಲು ಇಳಿಯುತ್ತಿದ್ದದ್ದು ಒಂದು ಬೆರಳಿನಷ್ಟು. ಕೆಲವು ದಿನ ಅದೂ ಇಲ್ಲ. ನನಗೇ ಅನುಮಾನ ಬರಲು ಶುರುವಾಯಿತು. ಆದರೆ ಅದನ್ನು ಯಾರೆದುರೂ ತೋರಿಸಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಭಾವನವರು ಪಿರಿಯಾಪಟ್ಟಣದ ಕಡೆಯಿಂದ ಮೂಳೆ ಕಟ್ಟುವ ಒಬ್ಬರನ್ನು ಕರೆದುಕೊಂಡು ಬಂದರು. ಮುರಿದ ಕೈಕಾಲು ಕಟ್ಟುವುದರಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. ಬಿಸಿ ಮಾಡಿದ ಹರಳೆಣ್ಣೆಯ ಬಟ್ಟಲು ಬಂತು, ಚಾಪೆ ಬಂತು. ನನ್ನ ಹೆಗಲು ಹಿಡಿಯಲೆಂದು ಪಕ್ಕದ ಮನೆಯ ಇಬ್ಬರು ಹೆಂಗಸರೂ ಬಂದರು.

"ಒಂದೇ ಸಲಕ್ಕೆ ಮಡಚ್ಬುಡ್ತೀನಿ ತಾಯಿ. ಲಟಕ್ ಅಂತದೆ, ಒಂದ್ ಗಳ್ಗೆ ನೋವು. ಆಮೇಲೆ ಸಲೀಸು" ಎಂದರು ಅವರು. ಅವರ ಮಾತಿನಲ್ಲಿ ಮೋಸವಿರಲಿಲ್ಲ. ಆದರೆ ಆ ‘ಲಟಕ್’ ಎಂಬ ಸದ್ದು ನನ್ನ ಕಿವಿಗೆ ಹುರಿ ಕೀಳುವ ಸದ್ದಿನಂತೆಯೇ ಕೇಳಿಸಿತು.

"ಬ್ಯಾಡ" ಎಂದೆ.

"ಸುಮ್ಕೆ ಮಲೀಕೊ" ಎಂದರು ಭಾವನವರು. "ನಿನ್ ಮಾತು ಕೇಳಿ ಇಷ್ಟಾಗದೆ. ಇವತ್ತೊಂದಿನ ನಮ್ ಮಾತು ಕೇಳು."

ಹೆಂಗಸರಲ್ಲಿ ಒಬ್ಬಳು ನನ್ನ ಭುಜದ ಮೇಲೆ ಕೈ ಇಟ್ಟಳು. ನಾನು ಗೋಡೆಗೆ ಒರಗಿ ಎದ್ದು ನಿಂತೆ. ಪಕ್ಕದಲ್ಲಿ ಒನಕೆ ಇತ್ತು. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.

"ನನ್ನ ಮಂಡಿ ಮುಟ್ಬ್ಯಾಡಿ" ಎಂದೆ. "ಮುಟ್ಟಿದೋರು ಯಾರೇ ಆಗ್ಲಿ, ದೊಡ್ಡೋರು ಚಿಕ್ಕೋರು ನೋಡಾಕಿಲ್ಲ. ಬಿಗಿಯಾಗೇ ಉಳುದ್ರೆ ಬಿಗಿ ಕಾಲಲ್ಲೇ ಬದುಕ್ತೀನಿ. ಇನ್ನೊಬ್ರು ಮುರ್ದ ಕಾಲಲ್ಲಿ ಬದ್ಕಾಕಿಲ್ಲ."

ನನ್ನ ದನಿ ಬೀದಿಗೆ ಕೇಳಿಸಿರಬೇಕು, ಹೊರಗೆ ಜನ ನಿಂತರು. ಭಾವನವರ ಮುಖ ಕೆಂಪಾಯಿತು. "ಇಡ್ಕಳ್ರೇ ಅವ್ಳ" ಎಂದು ಕೂಗಿದರು. ಆಗ ಹಟ್ಟಿಯ ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ಒಳಗೆ ಬಂದರು. ಬಂದು ನನ್ನ ಒನಕೆ ಕಸಿದುಕೊಳ್ಳುತ್ತಾರೆ ಎಂದುಕೊಂಡೆ. ಅವರು ನನಗೆ ಬೆನ್ನು ಮಾಡಿ, ನನಗೂ ಅಣ್ಣನಿಗೂ ನಡುವೆ ನಿಂತರು. ಮೂಳೆ ಕಟ್ಟುವವರಿಗೆ ಕೈ ಮುಗಿದು, "ಕಾಫಿ ಕುಡ್ಕಂಡು ಓಗ್ಬನ್ನಿ ಸ್ವಾಮಿ. ಇವತ್ತು ಕೆಲ್ಸ ಇಲ್ಲ" ಎಂದರು. ಜಾಗ ಬಿಟ್ಟು ಕದಲಲಿಲ್ಲ.

ಭಾವನವರು ತಮ್ಮನನ್ನು ನೋಡಿದರು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಎಷ್ಟೋ ತಿಂಗಳು ಅವರು ನಮ್ಮಿಬ್ಬರ ಜೊತೆ ಮಾತಾಡಲಿಲ್ಲ. ಅತ್ತೆ ಎಣ್ಣೆ ಬಟ್ಟಲು ಎತ್ತಿ ಒಳಗಿಡುತ್ತಾ ನನಗೆ ಹೇಳಿದರು: "ಡಾಕ್ಟ್ರು ಯೋಳಿದ್ನ ನಾನೂ ಕೇಳಿವ್ನಿ. ಒಂದು ವರ್ಸ ನೋಡ್ತೀನಿ. ಆಗ್ನಿಲ್ಲ ಅಂದ್ರೆ ನಾನೇ ಕರುಸ್ತೀನಿ, ತಿಳ್ಕೊ."

ವರ್ಷ ಬೇಕಾಗಲಿಲ್ಲ. ಹೊಗೆಸೊಪ್ಪಿನ ಸಸಿ ನಾಟಿ ಮುಗಿದು, ಮುಂಗಾರು ಹಿಡಿದಿತ್ತು. ಒಂದು ದಿನ ಬಿಸಿಲು ಬಂದಿತೆಂದು ಜಗಲಿಯ ಕೆಳಗೆ ಚಾಪೆಯ ಮೇಲೆ ರಾಗಿ ಹರಡಿ, ಕಾಯುತ್ತಾ ಕೂತಿದ್ದೆ. ಅಷ್ಟೊತ್ತಿಗೆ ಕಾಲು ಅರ್ಧಕ್ಕಿಂತ ಹೆಚ್ಚು ಇಳಿಯುತ್ತಿತ್ತು. ಮೇಲಕ್ಕೆತ್ತಲು ಮಾತ್ರ ಬರುತ್ತಿರಲಿಲ್ಲ. ತೊಡೆ ಬಿಗಿ ಹಿಡಿದರೆ ಪಾದ ಸ್ವಲ್ಪ ನಡುಗಿ ನಿಂತುಬಿಡುತ್ತಿತ್ತು. ಪಕ್ಕದ ಮನೆಯ ಕೋಳಿಯೊಂದು ಬಂದು ರಾಗಿಗೆ ಬಾಯಿ ಹಾಕಿತು. ಅತ್ತೆಯ ಜೊತೆ ಏನೋ ಮಾತಾಡುತ್ತಿದ್ದ ನಾನು ಯೋಚನೆ ಮಾಡದೆ "ಹುಶ್" ಎಂದು ಕಾಲು ಬೀಸಿ ಒದ್ದೆ. ಕೋಳಿ ರೆಕ್ಕೆ ಬಡಿದುಕೊಂಡು ಓಡಿತು.

ನನ್ನ ಕಾಲು ಗಾಳಿಯಲ್ಲಿ ನೆಟ್ಟಗೆ ನಿಂತಿತ್ತು. ಬಲಗಾಲು. ಕೈಯ ಸಹಾಯವಿಲ್ಲದೆ.

ಅತ್ತೆ ಮಾತು ನಿಲ್ಲಿಸಿದರು. ಇಬ್ಬರೂ ಆ ಕಾಲನ್ನೇ ನೋಡಿದೆವು. ಅದು ನಡುಗುತ್ತಾ ನಡುಗುತ್ತಾ ಕೆಳಗಿಳಿಯಿತು.

"ಇನ್ನೊಂದ್ಸಲ ಒದಿ" ಎಂದರು ಅತ್ತೆ.

"ಕೋಳಿ ಇಲ್ವಲ್ಲ ಅತ್ತೆಮ್ಮ."

"ನಾನೇ ಬರ್ಲಾ?" ಎಂದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ನನಗೆ ಅಳು ಬಂತು. ಮತ್ತೆ ಒದ್ದೆ, ಮತ್ತೆ ಒದ್ದೆ. ಅಂದು ಸಂಜೆಯವರೆಗೆ ರಾಗಿ ಕಾಯುವ ನೆಪದಲ್ಲಿ ಗಾಳಿಯನ್ನೇ ಒದೆಯುತ್ತಿದ್ದೆ.

ದಸರಾ ಹೊತ್ತಿಗೆ ಊರುಗೋಲು ಬಿಟ್ಟೆ. ಮಳೆ ನಿಂತು ಹೊಳೆ ತಿಳಿಯಾದ ಮೇಲೆ ಒಂದು ಬೆಳಿಗ್ಗೆ ಅತ್ತೆ ತಾವೇ ಮಂಗಳಳನ್ನು ನನ್ನ ಕಂಕುಳಿಗೆ ಕೊಟ್ಟು, "ನಡಿ" ಎಂದರು. ಹುಡುಗಿ ಅಷ್ಟೊತ್ತಿಗೆ ಭಾರವಾಗಿದ್ದಳು, ಎತ್ತಿಕೊಳ್ಳುವ ವಯಸ್ಸೂ ದಾಟುತ್ತಿತ್ತು. ಅವಳಿಗೇ ನಾಚಿಕೆ. ಆದರೂ ಎತ್ತಿಕೊಂಡೆ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಪರೀಕ್ಷೆ. ಒಂದೊಂದೇ ಹೆಜ್ಜೆ ಇಟ್ಟು ನೀರಿನವರೆಗೆ ಇಳಿದೆ. ನನ್ನ ಬಲಗೈ ತೊಡೆಯ ಮೇಲಿರಲಿಲ್ಲ, ಮಗಳ ಬೆನ್ನ ಮೇಲಿತ್ತು.

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ನನ್ನ ಮಂಡಿ ಇಂದಿಗೂ ಪೂರ್ತಿ ಮಡಚುವುದಿಲ್ಲ. ಕುಕ್ಕರುಗಾಲಲ್ಲಿ ಕೂರಲು ಬರುವುದಿಲ್ಲ, ಚಕ್ಕಳಮಕ್ಕಳ ಹಾಕಲು ಬರುವುದಿಲ್ಲ. ನೆಲದ ಮೇಲಿನ ಒಲೆಯ ಮುಂದೆ ಕೂರಲಾಗದೆ, ಯಜಮಾನರ ಕೈಲಿ ಸೊಂಟದೆತ್ತರಕ್ಕೆ ಮಣ್ಣಿನ ಕಟ್ಟೆ ಕಟ್ಟಿಸಿ ಅದರ ಮೇಲೆ ಒಲೆ ಹಾಕಿಸಿದೆ. ನಿಂತು ಅಡಿಗೆ ಮಾಡುವವಳು ಎಂದು ಊರಿನ ಹೆಂಗಸರು ನಕ್ಕರು. ಬೆನ್ನುನೋವು ಬಂದ ಮೇಲೆ ಅವರಲ್ಲೂ ಕೆಲವರು ಕಟ್ಟಿಸಿಕೊಂಡರು. ಭಾವನವರು ಕೊನೆಯವರೆಗೂ ತಮ್ಮ ಮಾತು ಬಿಡಲಿಲ್ಲ. ನಾನು ಹೊಲಕ್ಕೆ ಬುತ್ತಿ ಹೊತ್ತು ನಡೆದು ಹೋಗುವುದನ್ನು ಕಣ್ಣಾರೆ ನೋಡುತ್ತಲೇ, "ಅದು ತಾನಾಗೇ ಸರ್ಯಾಯ್ತು ಬುಡಿ" ಎನ್ನುತ್ತಿದ್ದರು. ಅವರು ಹಾಗೆ ಹೇಳಿದಾಗೆಲ್ಲ ನಾನು ಇನ್ನೂ ಜೋರಾಗಿ ನಡೆಯುತ್ತಿದ್ದೆ.

ಕೆಲವು ವರ್ಷದ ಮೇಲೆ ಕೆ.ಆರ್.ನಗರದಲ್ಲಿ ನೆಂಟರ ಮನೆಯ ಮದುವೆ. ಪಂಕ್ತಿಯಲ್ಲಿ ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಾನು ಸಾಲಿನ ಕೊನೆಯಲ್ಲಿ ಎಲೆಯ ಪಕ್ಕಕ್ಕೆ ಬಲಗಾಲು ಚಾಚಿ ಕೂತೆ. ಎದುರು ಸಾಲಿನಲ್ಲಿ ಹಿರಿಯರಿದ್ದರು. ಬಡಿಸಲು ಬಂದ ಹಿರಿಯ ಹೆಂಗಸೊಬ್ಬರು ನನ್ನ ಕಾಲು ನೋಡಿ, ಎಲ್ಲರಿಗೂ ಕೇಳುವಂತೆ, "ಏನವ್ವ ಇದು, ದೊಡ್ಡೋರ್ ಮುಂದೆ ಕಾಲ್ ನೀಡ್ಕಂಡು ಕೂತಿದ್ದೀಯಲ್ಲ! ಮಡುಚ್ಕೊ" ಎಂದರು.

ಮೊದಲಿನ ನಾನಾಗಿದ್ದರೆ ಸೆರಗು ಎಳೆದು ಕಾಲು ಮುಚ್ಚಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಎದ್ದು ಹೋಗುತ್ತಿದ್ದೆ.

"ಮಡಚಾಕೆ ಬರಾಕಿಲ್ಲ ಕಣಕ್ಕ" ಎಂದೆ. "ಐದು ವರ್ಸ ನೀಡಾಕೇ ಬತ್ತಿರ್ಲಿಲ್ಲ. ಈಗ ಬತ್ತದೆ. ಅದ್ಕೇ ನೀಡ್ಕಂಡು ಕೂತಿವ್ನಿ. ಪಾಯಸ ಬಡುಸಿ."

ಆಕೆ ಸೌಟು ತುಂಬ ಪಾಯಸ ಬಡಿಸಿದರು. ಈಗಲೂ ಯಾರ ಮನೆಗೆ ಹೋದರೂ, ಎದುರಿಗೆ ಯಾರೇ ಇದ್ದರೂ ನಾನು ಹಾಗೇ ಕೂರುತ್ತೇನೆ. ಕ್ಷಮೆ ಕೇಳುವುದಿಲ್ಲ.